ಪ್ರೊಬೇಷನ್ ಸೇವೆಯನ್ನು ಗುತ್ತಿಗೆಗೆ ಕೊಡಬೇಡಿ: ಗೃಹ ಮತ್ತು ಕಾನೂನು ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಗೃಹ ಸಚಿವರು ಹಾಗೂ ಮಾನ್ಯ ಕಾನೂನು ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಪ್ರೊಬೇಷನ್ ಮತ್ತು ಸಮುದಾಯ ಸೇವೆಯ ಮೇಲ್ವಿಚಾರಣೆಯನ್ನು ಖಾಸಗಿ ಕಂಪನಿಗಳಿಗೆ ವಹಿಸದಂತೆ ಮನವಿ.

ಮಾನ್ಯರೇ,

ನಾನು ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ ಇಪ್ಪತ್ತೆರಡು ವರ್ಷ ಪ್ರೊಬೇಷನ್ ಅಧಿಕಾರಿಯಾಗಿ ಕೆಲಸ ಮಾಡಿ, ನಿವೃತ್ತನಾಗಿ ಊರಿಗೆ ಮರಳಿದವನು. ನಮ್ಮಲ್ಲಿ ಪ್ರೊಬೇಷನ್ ಎಂದ ಕೂಡಲೇ ಜನರಿಗೆ ನೆನಪಾಗುವುದು ಹೊಸದಾಗಿ ಸರ್ಕಾರಿ ನೌಕರಿಗೆ ಸೇರಿದವರ ಪರೀಕ್ಷಾರ್ಥ ಅವಧಿ. ನಾನು ಮಾಡುತ್ತಿದ್ದ ಕೆಲಸ ಅದಲ್ಲ. ತಪ್ಪು ಮಾಡಿದವನನ್ನು ನ್ಯಾಯಾಲಯವು ಜೈಲಿಗೆ ಕಳಿಸದೆ ಊರಿನಲ್ಲೇ ಉಳಿಸಿದಾಗ, ಇಲ್ಲವೇ ಜೈಲಿನಿಂದ ಷರತ್ತಿನ ಮೇಲೆ ಹೊರಗೆ ಬಿಟ್ಟಾಗ, ಅವನ ಮೇಲೆ ಕಣ್ಣಿಟ್ಟು, ಅವನ ಜೊತೆ ಕುಳಿತು ಮಾತಾಡಿ, ಅವನು ಮತ್ತೆ ಅದೇ ದಾರಿ ಹಿಡಿಯದಂತೆ ನೋಡಿಕೊಳ್ಳುವ ಕೆಲಸ ಅದು. ಆ ಸೇವೆಯನ್ನು ಒಂದು ಸರ್ಕಾರ ಏಳೇ ವರ್ಷಗಳಲ್ಲಿ ಒಡೆದು, ಮಾರಿ, ಕೊನೆಗೆ ಕೈಸುಟ್ಟುಕೊಂಡು ಹಿಂದಕ್ಕೆ ಪಡೆದದ್ದನ್ನು ನಾನು ಒಳಗಿದ್ದು ಕಂಡಿದ್ದೇನೆ. ಕಂಡದ್ದನ್ನು ನಿಮ್ಮ ಮುಂದಿಡಬೇಕೆಂದು ಬರೆಯುತ್ತಿದ್ದೇನೆ.

ಈಗಲೇ ಏಕೆ ಎಂದು ನೀವು ಕೇಳಬಹುದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ನಮ್ಮ ದೇಶದ ಸಾಮಾನ್ಯ ದಂಡಸಂಹಿತೆಯಲ್ಲಿ ಮೊದಲ ಬಾರಿಗೆ ಸಮುದಾಯ ಸೇವೆಯನ್ನು ಶಿಕ್ಷೆಯ ಪಟ್ಟಿಗೆ ಸೇರಿಸಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಸಿಕ್ಕಿಬಿದ್ದು, ಅದನ್ನು ಹಿಂದಿರುಗಿಸಿದವನಿಗೆ ಈಗ ಜೈಲಿನ ಬದಲು ಈ ಶಿಕ್ಷೆ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ದುರ್ವರ್ತನೆ ತೋರಿದವರಿಗೂ, ಮಾನನಷ್ಟದಂಥ ಅಪರಾಧಗಳಲ್ಲೂ ಅದಕ್ಕೆ ಅವಕಾಶವಿದೆ. ಒಳ್ಳೆಯ ಬದಲಾವಣೆ, ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಸಮುದಾಯಕ್ಕೆ ಒಳಿತಾಗುವ, ಸಂಬಳವಿಲ್ಲದ ಕೆಲಸ ಎಂದು ವಿವರಿಸಿದ ಕಾನೂನು, ಆ ಕೆಲಸವನ್ನು ಯಾರು ಹಂಚಬೇಕು, ಯಾರು ಪಕ್ಕದಲ್ಲಿ ನಿಂತು ಮಾಡಿಸಬೇಕು, ಮಾಡದಿದ್ದರೆ ಯಾರು ನ್ಯಾಯಾಲಯಕ್ಕೆ ತಿಳಿಸಬೇಕು ಎಂಬುದನ್ನು ಹೇಳಿಲ್ಲ. ಇನ್ನೊಂದು ಕಡೆ, ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಕಾರಾಗೃಹ ಕಾಯ್ದೆಯಲ್ಲಿ, ರಜೆಯ ಮೇಲೆ ಹೋಗುವ ಕೈದಿಗೆ ಎಲೆಕ್ಟ್ರಾನಿಕ್ ನಿಗಾ ಸಾಧನ ತೊಡಿಸುವ ಮಾತಿದೆ. ಅದೇ ವರ್ಷ ಜಮ್ಮು ಮತ್ತು ಕಾಶ್ಮೀರದ ಪೊಲೀಸರು ಜಾಮೀನಿನ ಮೇಲಿದ್ದ ಆರೋಪಿಯ ಕಾಲಿಗೆ ಜಿಪಿಎಸ್ ಪಟ್ಟಿ ಕಟ್ಟಿಯೂ ಆಯಿತು.

ಜೈಲಿನ ಹೊರಗಿನ ಶಿಕ್ಷೆ ಬೆಳೆಯುತ್ತಿದೆ; ಅದನ್ನು ನೋಡಿಕೊಳ್ಳುವ ಕೈಗಳು ಬೆಳೆದಿಲ್ಲ. ಈ ಅಂತರ ಕಂಡಲ್ಲಿ, ಸಿಬ್ಬಂದಿ, ತಂತ್ರಾಂಶ, ಸಾಧನ ಎಲ್ಲವನ್ನೂ ನಾವೇ ಒದಗಿಸುತ್ತೇವೆ ಎಂದು ಕಂಪನಿಗಳು ಬಂದೇ ಬರುತ್ತವೆ. ಇಂಗ್ಲೆಂಡಿನಲ್ಲಿ ಬಂದವು. ಇಲ್ಲಿ ಯಾರೋ ಟೆಂಡರ್ ಕರೆದಿದ್ದಾರೆ ಎಂದು ನಾನು ಆರೋಪಿಸುತ್ತಿಲ್ಲ. ಕರೆಯುವ ಮೊದಲೇ ಈ ಮಾತು ನಿಮ್ಮ ಕಿವಿಗೆ ಬೀಳಲಿ ಎಂಬುದು ನನ್ನ ಆಸೆ.

ಈ ಸೇವೆ ಹುಟ್ಟಿದ್ದು ದಾನದ ಹಣದಿಂದ. 1876ರಲ್ಲಿ ಫ್ರೆಡರಿಕ್ ರೈನರ್ ಎಂಬ ಮುದ್ರಕರು, ಕುಡಿತದ ಸುಳಿಯಲ್ಲಿ ಮತ್ತೆ ಮತ್ತೆ ಕಟಕಟೆ ಏರುವ ಜನರಿಗಾಗಿ ಏನಾದರೂ ಮಾಡಿ ಎಂದು ಚರ್ಚಿನ ಪಾನನಿರೋಧ ಸಂಘವೊಂದಕ್ಕೆ ಐದು ಶಿಲ್ಲಿಂಗ್ ಕಳಿಸಿದರು. ಸಂಘವು ಲಂಡನ್ನಿನ ಪೊಲೀಸ್ ನ್ಯಾಯಾಲಯಗಳಿಗೆ ತನ್ನ ಜನರನ್ನು ಕಳಿಸಿತು. 1907ರ ಕಾಯ್ದೆ ಆ ಕೆಲಸವನ್ನು ಸರ್ಕಾರದ ಹೊಣೆಯಾಗಿಸಿ, ಅಧಿಕಾರಿಗೆ ಮೂರು ಕರ್ತವ್ಯ ವಿಧಿಸಿತು: ಬುದ್ಧಿ ಹೇಳು, ನೆರವಾಗು, ಸ್ನೇಹಿತನಾಗು. ನಮ್ಮ ಸಂಸತ್ತು 1958ರಲ್ಲಿ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ಮಾಡಿದಾಗ ಈ ಪರಂಪರೆ ಕಣ್ಣ ಮುಂದಿತ್ತು. ಆ ಕಾಯ್ದೆಯ 14ನೆಯ ಕಲಮನ್ನು ದಯವಿಟ್ಟು ಓದಿ ನೋಡಿ. ಆರೋಪಿಯ ಮನೆಯ ಪರಿಸ್ಥಿತಿಯನ್ನು ವಿಚಾರಿಸಿ ನ್ಯಾಯಾಲಯಕ್ಕೆ ವರದಿ ಕೊಡಬೇಕು, ಬಿಡುಗಡೆಯಾದವನ ಮೇಲ್ವಿಚಾರಣೆ ಮಾಡಬೇಕು, ಅಗತ್ಯವಿದ್ದರೆ ಅವನಿಗೆ ತಕ್ಕ ಕೆಲಸ ಹುಡುಕಿಕೊಡಲು ಯತ್ನಿಸಬೇಕು ಎಂದು ಅಧಿಕಾರಿಗೆ ಅದು ಹೇಳುತ್ತದೆ. ಇಷ್ಟು ಮಾನವೀಯವಾದ ಕಲಮು ನಮ್ಮ ದಂಡನೀತಿಯಲ್ಲಿ ಅಪರೂಪ.

ಇನ್ನು ನಾನು ಕಂಡದ್ದು.

2014ರ ಜೂನ್ 1ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 35 ಸಾರ್ವಜನಿಕ ಪ್ರೊಬೇಷನ್ ಟ್ರಸ್ಟ್‌ಗಳಿದ್ದವು. ಅವುಗಳ ಕೆಲಸ ಚೆನ್ನಾಗಿದೆ ಎಂದು ಸರ್ಕಾರದ ಸ್ವಂತ ಮೌಲ್ಯಮಾಪನವೇ ಹೇಳಿತ್ತು. ಆಗಿನ ನ್ಯಾಯ ಸಚಿವ ಕ್ರಿಸ್ ಗ್ರೇಲಿಂಗ್ ಅವನ್ನು ವಿಸರ್ಜಿಸಿ ಸೇವೆಯನ್ನು ಎರಡು ಪಾಲು ಮಾಡಿದರು. ಹೆಚ್ಚು ಅಪಾಯಕಾರಿ ಎನಿಸಿದವರು ಸರ್ಕಾರಿ ಸೇವೆಗೆ. ಕಡಿಮೆ ಮತ್ತು ಮಧ್ಯಮ ಅಪಾಯದವರೆಲ್ಲ 21 ಪ್ರಾದೇಶಿಕ ಕಂಪನಿಗಳಿಗೆ. 2015ರ ಫೆಬ್ರುವರಿಯಲ್ಲಿ ಆ ಕಂಪನಿಗಳ ಒಡೆತನ ಎಂಟು ಗುತ್ತಿಗೆದಾರರಿಗೆ ಹೋಯಿತು. ಅವರಲ್ಲಿ ಬಹುಪಾಲು ಲಾಭಕ್ಕಾಗಿ ದುಡಿಯುವ ಸಂಸ್ಥೆಗಳು. ಯೋಜನೆಯಲ್ಲಿ ಒಂದು ಒಳ್ಳೆಯ ಅಂಶವೂ ಇತ್ತು, ಅದನ್ನು ಮರೆಮಾಚುವುದಿಲ್ಲ: ಒಂದು ವರ್ಷಕ್ಕಿಂತ ಕಡಿಮೆ ಶಿಕ್ಷೆ ಅನುಭವಿಸಿ ಹೊರಬರುವವರಿಗೆ ಅಲ್ಲಿಯವರೆಗೆ ಯಾರ ಮೇಲ್ವಿಚಾರಣೆಯೂ ಇರಲಿಲ್ಲ, ಅವರನ್ನೂ ಒಳಗೆ ತಂದರು.

ನಮ್ಮ ಕಚೇರಿ ಒಂದೇ ಕಟ್ಟಡ. ಒಂದು ಬೆಳಿಗ್ಗೆಯಿಂದ ಅದರಲ್ಲಿ ಎರಡು ಸಂಸ್ಥೆಗಳು. ವರ್ಷಗಟ್ಟಲೆ ಅಕ್ಕಪಕ್ಕ ಕುಳಿತ ಸಹೋದ್ಯೋಗಿಗಳ ನಡುವಿನ ಬಾಗಿಲಿಗೆ ಬೀಗ ಬಿತ್ತು. ಹಿಂದಿನ ವಾರ ಎದ್ದುಹೋಗಿ ಕೇಳುತ್ತಿದ್ದ ಪ್ರಶ್ನೆಗೆ ಈಗ ನಮೂನೆ ತುಂಬಿ ಉತ್ತರಕ್ಕೆ ಕಾಯಬೇಕು. ಕಡತಗಳನ್ನು ಅಪಾಯದ ಅಂಕಗಳ ಲೆಕ್ಕದಲ್ಲಿ ಹಂಚಿದರು. ಅಪಾಯವೇನು ನಿಂತ ನೀರೇ? ಕುಡಿಯುವುದನ್ನು ಬಿಟ್ಟಿದ್ದವನು ಒಂದು ಶುಕ್ರವಾರ ಮತ್ತೆ ಬಾಟಲಿ ಮುಟ್ಟಿದರೆ, ದೂರ ಸರಿದಿದ್ದ ಹೆಂಡತಿಯ ವಿಳಾಸ ಅವನಿಗೆ ಸಿಕ್ಕಿಬಿಟ್ಟರೆ, ಸೋಮವಾರದ ಹೊತ್ತಿಗೆ ಅವನು ಬೇರೆಯೇ ಮನುಷ್ಯ. ಆದರೆ ಅವನ ಕಡತ ಕಂಪನಿಯ ಕಡೆಯಿಂದ ಸರ್ಕಾರದ ಕಡೆಗೆ ದಾಟಬೇಕಾದರೆ ಹೊಸ ಮೌಲ್ಯಮಾಪನ, ಮೇಲಧಿಕಾರಿಯ ಒಪ್ಪಿಗೆ, ಮತ್ತೆ ಪತ್ರ ವ್ಯವಹಾರ.

ಒಬ್ಬ ಹುಡುಗನ ವಿಷಯ ಹೇಳಬೇಕು. ಸಣ್ಣಪುಟ್ಟ ಕಳ್ಳತನ, ಅದರ ಹಿಂದೆ ಕುಡಿತ. ಹದಿನಾಲ್ಕು ತಿಂಗಳು ಪ್ರತಿ ಮಂಗಳವಾರ ನನ್ನ ಬಳಿ ಬರುತ್ತಿದ್ದ. ಮೊದಲ ನಾಲ್ಕು ತಿಂಗಳು ಕೇಳಿದ್ದಕ್ಕೆ ಹೌದು, ಇಲ್ಲ ಎಂದಷ್ಟೇ ಹೇಳುತ್ತಿದ್ದ. ಐದನೆಯ ತಿಂಗಳಲ್ಲಿ ಒಂದು ದಿನ, ತಾನಾಗಿಯೇ, ಬಾಲ್ಯದಲ್ಲಿ ತನ್ನನ್ನು ಇಟ್ಟಿದ್ದ ಅನಾಥಾಲಯದಲ್ಲಿ ನಡೆದದ್ದನ್ನು ಹೇಳಿದ. ಅಲ್ಲಿಂದ ನಮ್ಮ ಕೆಲಸ ನಿಜವಾಗಿ ಶುರುವಾಯಿತು. ಅವನ ಅಂಕ ಮಧ್ಯಮ, ಆದ್ದರಿಂದ ವಿಭಜನೆಯ ದಿನ ಅವನು ಕಂಪನಿಯ ಪಾಲಾದ. ಕೆಲವು ತಿಂಗಳ ಮೇಲೆ ಕಂಪನಿ ಬಾಡಿಗೆ ಉಳಿಸಲು ಊರಿನ ಇನ್ನೊಂದು ತುದಿಗೆ ಹೋಯಿತು; ಹುಡುಗ ಎರಡು ಬಸ್ ಬದಲಿಸಬೇಕು. ಒಂದು ವರ್ಷದಲ್ಲಿ ಅವನ ಮೇಲ್ವಿಚಾರಕರು ಮೂರು ಸಲ ಬದಲಾದರು. ಎರಡು ಭೇಟಿ ತಪ್ಪಿದವು. ಷರತ್ತು ಮುರಿದವರನ್ನು ನ್ಯಾಯಾಲಯದ ಮುಂದೆ ನಿಲ್ಲಿಸುವ ಅಧಿಕಾರ ಕಂಪನಿಗಿರಲಿಲ್ಲ, ಅದು ಸರ್ಕಾರಿ ಸೇವೆಯ ಕೆಲಸ. ಹೀಗಾಗಿ ಆ ಕಾಗದವನ್ನು ನ್ಯಾಯಾಧೀಶರ ಮುಂದಿಡುವ ಸರದಿ ಆ ದಿನ ನನ್ನದೇ ಆಯಿತು. ಹೊರಗಿನ ಬೆಂಚಿನ ಮೇಲೆ ಕುಳಿತಿದ್ದವನನ್ನು ಏಕೆ ಹೋಗಲಿಲ್ಲ ಎಂದು ಕೇಳಿದೆ. "ನನ್ನ ಕಥೆಯನ್ನು ಮೂವರಿಗೆ ಹೇಳಿದೆ, ನಾಲ್ಕನೆಯವರಿಗೆ ಹೇಳಲು ನನ್ನಿಂದ ಆಗಲಿಲ್ಲ" ಎಂದ. ನನ್ನ ವೃತ್ತಿಜೀವನದಲ್ಲಿ ಅಷ್ಟು ನಾಚಿಕೆ ನನಗೆ ಬೇರೆಂದೂ ಆಗಿಲ್ಲ.

ಆ ಕಂಪನಿಯ ಹೊಸ ಕಚೇರಿಗೆ ಕೆಲಸದ ಮೇಲೆ ಒಮ್ಮೆ ಹೋಗಿದ್ದೆ. ಕೋಣೆಗಳಿರಲಿಲ್ಲ. ಉದ್ದನೆಯ ಸಭಾಂಗಣದಲ್ಲಿ ಮೇಜುಗಳು, ಪ್ರತಿ ಮೇಜಿಗೂ ಒಬ್ಬ ಅಧಿಕಾರಿ, ಎದುರಿಗೆ ಒಬ್ಬ ಅಪರಾಧಿ. ಒಬ್ಬ ಹೆಂಗಸು ಏನೋ ಹೇಳಲು ಹೊರಟವಳು ಪಕ್ಕದ ಮೇಜಿನತ್ತ ನೋಡಿ ಸುಮ್ಮನಾದಳು. ಇದು ನನ್ನ ಊರಿನ ದುರದೃಷ್ಟ ಮಾತ್ರವಾಗಿದ್ದರೆ ನಿಮಗೆ ಬರೆಯುವ ಅಗತ್ಯವಿರಲಿಲ್ಲ. ಪ್ರೊಬೇಷನ್ ತಪಾಸಣಾ ಸಂಸ್ಥೆಯ ವರದಿಗಳಲ್ಲಿ ಇದೇ ದೂರು ಹಲವು ಕಡೆಗಳಿಂದ ದಾಖಲಾಗಿದೆ. ಕೆಲವು ಕಡೆ ಮೇಲ್ವಿಚಾರಣೆ ಎಂದರೆ ಆರು ವಾರಕ್ಕೊಂದು ದೂರವಾಣಿ ಕರೆ ಎಂಬ ಮಟ್ಟಕ್ಕೆ ಇಳಿದಿತ್ತು.

ಕಂಪನಿಯ ನೌಕರರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಅವರಲ್ಲಿ ಅನೇಕರು ನನ್ನ ಹಳೆಯ ಗೆಳೆಯರು, ನನ್ನಷ್ಟೇ ಕಾಳಜಿಯುಳ್ಳವರು. ಕೆಡುಕು ಇದ್ದದ್ದು ಹಣ ಕೊಡುವ ರೀತಿಯಲ್ಲಿ. ಫಲಿತಾಂಶ ನೋಡಿ ಪಾವತಿ ಎಂಬ ಮಾತು ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ಫಲಿತಾಂಶ ಯಾವುದು? ಬಿಡುಗಡೆಯಾದ ಗುಂಪಿನಲ್ಲಿ ಎಷ್ಟು ಮಂದಿ ಒಂದು ವರ್ಷದೊಳಗೆ ಮತ್ತೆ ಅಪರಾಧ ಮಾಡಿದರು ಎಂಬುದು ಮುಖ್ಯ ಅಳತೆಗಳಲ್ಲಿ ಒಂದು. ಆ ಅಳತೆಯಲ್ಲಿ ಒಮ್ಮೆ ಎಡವಿದವನು ಮುಗಿದಂತೆ. ಅವನು ಎರಡನೆಯ ಸಲ ಎಡವದಂತೆ ಹಿಡಿದುಕೊಂಡರೂ ಲೆಕ್ಕದಲ್ಲಿ ಏನೂ ಕಾಣುವುದಿಲ್ಲ. ಪ್ರೊಬೇಷನ್ ಕೆಲಸ ಬಲ್ಲವರಿಗೆ ಗೊತ್ತು, ಎಡವಿದ ಮೇಲಿನ ವಾರವೇ ಅತಿ ಮುಖ್ಯವಾದ ವಾರ. ಜೊತೆಗೆ, ವರ್ಷವಿಡೀ ಕುಡಿಯದೆ ಇದ್ದವನ ಸಂಯಮದಲ್ಲಿ ಅಧಿಕಾರಿಯ ಪಾಲೆಷ್ಟು, ಅವನ ತಾಯಿಯ ಪಾಲೆಷ್ಟು, ಸಿಕ್ಕ ಕೆಲಸದ ಪಾಲೆಷ್ಟು ಎಂದು ಯಾವ ಲೆಕ್ಕಿಗ ಬೇರ್ಪಡಿಸಬಲ್ಲ? ಅಳೆಯಲು ಸುಲಭವಾದದ್ದನ್ನೇ ಅಳೆದರು: ನಮೂನೆ ಹೊತ್ತಿಗೆ ಸರಿಯಾಗಿ ತುಂಬಿದೆಯೇ, ಯೋಜನೆಯ ಪುಟ ಸಲ್ಲಿಕೆಯಾಗಿದೆಯೇ. ಜೈಲಿನ ಬಾಗಿಲಿನಿಂದ ಊರಿನವರೆಗೆ ಕೈಹಿಡಿದು ನಡೆಸುವ ಸೇವೆ ಎಂದು ಹೆಸರಿಟ್ಟದ್ದನ್ನು ತಪಾಸಕರು 2017ರಲ್ಲಿ ಪರಿಶೀಲಿಸಿ, ನಾಳೆಯೇ ಇದನ್ನು ನಿಲ್ಲಿಸಿದರೂ ಕೈದಿಗಳ ಪುನರ್ವಸತಿಗೆ ಆಗುವ ವ್ಯತ್ಯಾಸ ನಗಣ್ಯ ಎಂದರು.

ಮುಂದಿನದು ಸಾರ್ವಜನಿಕ ದಾಖಲೆ. 2019ರ ಫೆಬ್ರುವರಿಯಲ್ಲಿ ವೇಲ್ಸ್ ಮತ್ತು ನೈಋತ್ಯ ಇಂಗ್ಲೆಂಡಿನ ಮೂರು ಪ್ರದೇಶಗಳನ್ನು ನಡೆಸುತ್ತಿದ್ದ ವರ್ಕಿಂಗ್ ಲಿಂಕ್ಸ್ ಕಂಪನಿ ದಿವಾಳಿಯೆದ್ದಿತು. ಮರುತಿಂಗಳು ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ, ಮೂಲ ಗುತ್ತಿಗೆಯಲ್ಲಿ ಇದ್ದದ್ದಕ್ಕಿಂತ ಕನಿಷ್ಠ 46.7 ಕೋಟಿ ಪೌಂಡ್ ಹೆಚ್ಚಾಗಿ ಸರ್ಕಾರ ತೆರಬೇಕಾಗಿದೆ ಎಂದು ವರದಿ ಮಾಡಿತು. ಮರು ಅಪರಾಧ ಎಸಗಿದವರ ಪ್ರಮಾಣ ತುಸು ಇಳಿದಿತ್ತು ನಿಜ, ಆದರೆ ಹಾಗೆ ಎಸಗಿದವರು ತಲಾ ಮಾಡಿದ ಅಪರಾಧಗಳ ಸಂಖ್ಯೆ ಶೇ 22ರಷ್ಟು ಏರಿತ್ತು. ಅಳತೆಯಿಂದ ಬಿಟ್ಟುಹೋದವರಿಗೆ ಏನಾಯಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೇ? ಅದೇ ತಿಂಗಳು ಮುಖ್ಯ ತಪಾಸಕಿ ಗ್ಲೆನಿಸ್ ಸ್ಟೇಸಿ ಈ ಮಾದರಿಯೇ ಸರಿಪಡಿಸಲಾಗದಷ್ಟು ದೋಷಪೂರ್ಣ ಎಂದು ಬರೆದರು. ಗುತ್ತಿಗೆಗಳನ್ನು ಅವಧಿಗೆ ಮೊದಲೇ ಮುಗಿಸಿದರು. 2021ರ ಜೂನ್ 26ರಂದು ಇಡೀ ಸೇವೆ ಮತ್ತೆ ಸರ್ಕಾರದ ಕೈಸೇರಿತು. ಖಾಸಗಿಗೆ ಕೊಟ್ಟದ್ದೂ, ಹಿಂದಕ್ಕೆ ಪಡೆದದ್ದೂ ಒಂದೇ ಪಕ್ಷದ ನೇತೃತ್ವದ ಸರ್ಕಾರಗಳು ಎಂಬುದನ್ನು ಗಮನಿಸಬೇಕು. ರಾಜಕೀಯ ಸಿದ್ಧಾಂತದ ಜಗಳ ಎಂದು ಇದನ್ನು ತಳ್ಳಿಹಾಕುವಂತಿಲ್ಲ.

ಹಿಂದಕ್ಕೆ ಪಡೆದ ಮಾತ್ರಕ್ಕೆ ಎಲ್ಲ ಸರಿಹೋಯಿತೇ? ಇಲ್ಲ. ಅನುಭವಿಗಳು ಆ ವರ್ಷಗಳಲ್ಲಿ ಕೆಲಸ ಬಿಟ್ಟು ಹೋಗಿದ್ದರು. ಹೊಸಬರಿಗೆ ಹೇಳಿಕೊಡುವವರಿರಲಿಲ್ಲ, ಒಬ್ಬೊಬ್ಬರ ಮೇಲೆ ಹೊರಲಾರದಷ್ಟು ಕಡತ. ಎದುರಿಗೆ ಕುಳಿತವನ ಮೌನವನ್ನು ಓದುವ ಕಲೆ ಹಿರಿಯರ ಪಕ್ಕ ಕುಳಿತು ವರ್ಷಗಟ್ಟಲೆ ಕಲಿಯುವಂಥದ್ದು. ಒಮ್ಮೆ ಕಡಿದ ಆ ಕೊಂಡಿಯನ್ನು ಆದೇಶ ಹೊರಡಿಸಿ ಜೋಡಿಸಲಾಗಲಿಲ್ಲ.

ಕಾಲಿಗೆ ಕಟ್ಟುವ ಪಟ್ಟಿಯ ಬಗ್ಗೆಯೂ ಒಂದು ಮಾತು. ಆ ಕೆಲಸವನ್ನು ಇಂಗ್ಲೆಂಡ್ ಮೊದಲಿನಿಂದ ಖಾಸಗಿಯವರಿಗೇ ಕೊಟ್ಟಿತ್ತು. ಜಿ4ಎಸ್ ಮತ್ತು ಸೆರ್ಕೊ ಎಂಬ ಎರಡು ದೊಡ್ಡ ಕಂಪನಿಗಳು, ಜೈಲಿಗೆ ಮರಳಿದವರ, ದೇಶ ಬಿಟ್ಟವರ, ಸತ್ತವರ ಹೆಸರಿನಲ್ಲೂ ನಿಗಾ ಶುಲ್ಕ ವಸೂಲಿ ಮಾಡಿದ್ದು 2013ರಲ್ಲಿ ಬಯಲಾಯಿತು. ಸೆರ್ಕೊ 6.85 ಕೋಟಿ ಪೌಂಡ್, ಜಿ4ಎಸ್ ಸುಮಾರು 10.9 ಕೋಟಿ ಪೌಂಡ್ ಹಿಂದಿರುಗಿಸಬೇಕಾಯಿತು; ವರ್ಷಗಳ ನಂತರ ದಂಡವನ್ನೂ ತೆತ್ತವು. 2024ರಲ್ಲಿ ಜೈಲುಗಳ ದಟ್ಟಣೆ ತಗ್ಗಿಸಲು ಕೈದಿಗಳನ್ನು ಅವಧಿಗೆ ಮುನ್ನ ಬಿಟ್ಟಾಗ ಪಟ್ಟಿ ಕಟ್ಟುವ ಕೆಲಸ ಹಿಂದೆ ಬಿತ್ತು. ಆಗಲೂ ಗುತ್ತಿಗೆ ಸೆರ್ಕೊ ಕೈಯಲ್ಲೇ ಇತ್ತು. ನಮ್ಮ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ, ಆರೋಪಿಯ ಚಲನವಲನವನ್ನು ಪೊಲೀಸರು ಸದಾ ಹಿಂಬಾಲಿಸಲು ಅನುವಾಗುವ ಜಾಮೀನು ಷರತ್ತು ಖಾಸಗಿತನದ ಹಕ್ಕಿಗೆ ವಿರುದ್ಧ ಎಂದಿದೆ. ಹೀಗಿರುವಾಗ ಆ ಚಲನವಲನದ ಮಾಹಿತಿ ಒಂದು ಕಂಪನಿಯ ಗಣಕಯಂತ್ರದಲ್ಲಿ ಕೂತಿರುವುದನ್ನು ಒಪ್ಪಲು ಹೇಗೆ ಸಾಧ್ಯ?

ಮಾನ್ಯರೇ, ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ವಿಚಾರಣಾಧೀನರು. ಅವರಲ್ಲಿ ಮೊದಲ ತಪ್ಪಿಗೆ ಸಿಕ್ಕಿಬಿದ್ದ ಎಳೆಯರು ಎಷ್ಟು ಮಂದಿಯೋ. ಇಪ್ಪತ್ತೊಂದು ವರ್ಷದೊಳಗಿನವರನ್ನು, ಅಪರಾಧ ಜೀವಾವಧಿ ಶಿಕ್ಷೆಯಂಥದ್ದಲ್ಲದಿದ್ದರೆ, ಕಾರಣ ದಾಖಲಿಸದೆ ಜೈಲಿಗೆ ಕಳಿಸಬಾರದು ಎಂದು 1958ರ ಕಾಯ್ದೆಯ 6ನೆಯ ಕಲಮು ಹೇಳುತ್ತದೆ. ಅದನ್ನು ಪಾಲಿಸಲು ನ್ಯಾಯಾಧೀಶರು ಪ್ರೊಬೇಷನ್ ಅಧಿಕಾರಿಯ ವರದಿ ಕೇಳಬೇಕು. ವರದಿ ಬರೆಯುವವರೇ ಸಾಲದಿದ್ದರೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವ ಧೈರ್ಯ ಯಾವ ನ್ಯಾಯಾಧೀಶರಿಗೆ ಬಂದೀತು? ಆದ್ದರಿಂದ ನನ್ನ ಮೊದಲ ಬೇಡಿಕೆ ಅಧಿಕಾರಿಗಳದ್ದು. ಪ್ರತಿ ತಾಲ್ಲೂಕಿನ ನ್ಯಾಯಾಲಯಕ್ಕೂ, ಬೇರೆ ಇಲಾಖೆಯ ಹೊರೆ ಹೊರಿಸದ, ಸಮಾಜಕಾರ್ಯದಲ್ಲಿ ತರಬೇತಿ ಪಡೆದ ಒಬ್ಬ ಪೂರ್ಣಾವಧಿ ಅಧಿಕಾರಿಯನ್ನಾದರೂ ಕಾಯಂ ಹುದ್ದೆಯಲ್ಲಿ ನೇಮಿಸಿ. ಹೊರಗುತ್ತಿಗೆಯ ಮೇಲೆ ಹನ್ನೊಂದು ತಿಂಗಳಿಗೆಂದು ತೆಗೆದುಕೊಂಡವರಿಂದ ಈ ಕೆಲಸ ಆಗದು, ಏಕೆಂದರೆ ಐದನೆಯ ತಿಂಗಳಲ್ಲಿ ಬಾಯಿ ಬಿಡುವ ಹುಡುಗನ ಎದುರು ಆರನೆಯ ತಿಂಗಳಲ್ಲೂ, ಎರಡನೆಯ ವರ್ಷದಲ್ಲೂ ಅದೇ ಮುಖ ಇರಬೇಕು.

ಎರಡನೆಯದು, ಕಾಯ್ದೆಯ 13ನೆಯ ಕಲಮಿನ ಒಂದು ಬಾಗಿಲು. ಸರ್ಕಾರ ಮಾನ್ಯ ಮಾಡಿದ ಸಂಘವೊಂದು ಒದಗಿಸಿದ ವ್ಯಕ್ತಿಯೂ ಪ್ರೊಬೇಷನ್ ಅಧಿಕಾರಿಯಾಗಬಹುದು ಎಂದು ಅಲ್ಲಿದೆ. ಕಾಯ್ದೆ ಬರೆದವರ ಮನಸ್ಸಿನಲ್ಲಿದ್ದದ್ದು ಸೇವಾಸಂಘಗಳು. ಐದು ಶಿಲ್ಲಿಂಗ್ ದಾನದಿಂದ ಹೊರಟ ಕೆಲಸಕ್ಕೆ ಅಂಥವರ ನೆರವು ಇರಲೇಬೇಕು. ವ್ಯಸನಮುಕ್ತಿ, ವಸತಿ, ಕೌಶಲ ತರಬೇತಿ ಮುಂತಾದವನ್ನು ಸ್ಥಳೀಯ ಸಂಸ್ಥೆಗಳು ಸರ್ಕಾರಕ್ಕಿಂತ ಚೆನ್ನಾಗಿ ಮಾಡುವುದನ್ನು ನಾನು ನೋಡಿದ್ದೇನೆ. ಇಂಗ್ಲೆಂಡಿನ ದೊಡ್ಡ ಗುತ್ತಿಗೆಗಳಲ್ಲಿ ಮೊದಲು ಬದಿಗೆ ಸರಿದವರೂ ಇಂಥ ಸಣ್ಣ ಸಂಸ್ಥೆಗಳೇ. ಆದರೆ ನ್ಯಾಯಾಲಯಕ್ಕೆ ವರದಿ ಕೊಡುವುದು, ಅಪಾಯವನ್ನು ಅಳೆಯುವುದು, ಷರತ್ತು ಮುರಿದನೆಂದು ಹೇಳಿ ಒಬ್ಬನ ಸ್ವಾತಂತ್ರ್ಯ ಕಸಿಯಲು ಕಾರಣವಾಗುವುದು, ಇವು ಮೂರೂ ಸರ್ಕಾರದ ಅಧಿಕಾರಿಯ ಕೈಯಲ್ಲೇ ಉಳಿಯಬೇಕು. ಲಾಭದ ಉದ್ದೇಶದ ಯಾವ ಸಂಸ್ಥೆಗೂ 13ನೆಯ ಕಲಮಿನಡಿ ಮಾನ್ಯತೆ ಕೊಡುವುದಿಲ್ಲ ಎಂದು ರಾಜ್ಯದ ನಿಯಮಗಳಲ್ಲಿ ಬರೆದುಬಿಡಿ. ಕಾರಾಗೃಹ ರಾಜ್ಯಪಟ್ಟಿಯ ವಿಷಯ. ಕೇಂದ್ರದ ಒಪ್ಪಿಗೆಯೊಂದಿಗೆ ಪ್ರೊಬೇಷನ್ ನಿಯಮ ಮಾಡುವ ಅಧಿಕಾರವನ್ನೂ ಕಾಯ್ದೆ ರಾಜ್ಯಕ್ಕೆ ಕೊಟ್ಟಿದೆ.

ಸಮುದಾಯ ಸೇವೆಗೂ ನಿಯಮ ಬೇಕು, ಬೇಗ ಬೇಕು. ದಿನಕ್ಕೆ ಎಷ್ಟು ಗಂಟೆ, ಯಾವ ಬಗೆಯ ಕೆಲಸ, ದಿನಗೂಲಿಯವನ ಕೂಲಿ ತಪ್ಪದಂತೆ ಯಾವ ಹೊತ್ತು, ಯಾರ ಹಾಜರಿ ಪುಸ್ತಕ. ಆ ಸಂಬಳವಿಲ್ಲದ ದುಡಿಮೆ ಯಾವ ಖಾಸಗಿ ಸಂಸ್ಥೆಗೂ ಲಾಭವಾಗಕೂಡದು. ಎಲೆಕ್ಟ್ರಾನಿಕ್ ಪಟ್ಟಿಯನ್ನು ರಾಜ್ಯ ಎಂದಾದರೂ ತರುವುದಾದರೆ ತೊಡುವವನಿಂದ ಬಿಡಿಗಾಸೂ ಕೇಳಬೇಡಿ, ಗುತ್ತಿಗೆಯ ಕರಾರನ್ನು ಪೂರ್ತಿಯಾಗಿ ಪ್ರಕಟಿಸಿ, ಬಿಲ್ಲಿನಲ್ಲಿರುವ ಪ್ರತಿ ಹೆಸರನ್ನೂ ಮಹಾಲೇಖಪಾಲರು ಪರಿಶೀಲಿಸುವಂತೆ ಮಾಡಿ.

ಕೊನೆಯದಾಗಿ, ಈ ವಿಷಯವನ್ನು ವಿಧಾನಮಂಡಲದ ಮುಂದಿಡಿ. ಎಷ್ಟು ಹುದ್ದೆಗಳು ಮಂಜೂರಾಗಿವೆ, ಎಷ್ಟು ಖಾಲಿ, ಕಳೆದ ಐದು ವರ್ಷಗಳಲ್ಲಿ ಜಿಲ್ಲೆವಾರು ಎಷ್ಟು ಮಂದಿಯನ್ನು ಪ್ರೊಬೇಷನ್ ಮೇಲೆ ಬಿಡಲಾಗಿದೆ, ಸಮುದಾಯ ಸೇವೆಯ ಆದೇಶಗಳು ಎಷ್ಟು ಬಂದಿವೆ ಎಂಬ ಲೆಕ್ಕವನ್ನು ಮುಂದಿನ ಅಧಿವೇಶನದಲ್ಲಿ ಸದನಕ್ಕೆ ಕೊಡಿ. ನಿಯಮ ರಚಿಸಲು ಸಮಿತಿ ಮಾಡಿದರೆ, ಪ್ರೊಬೇಷನ್ ಮುಗಿಸಿದ ಒಂದಿಬ್ಬರನ್ನು ಅದರಲ್ಲಿ ಕೂರಿಸಿ. ಯಾವ ಅಧಿಕಾರಿಗೂ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ. ನನ್ನಿಂದ ಉಪಯೋಗವಿದೆ ಎನಿಸಿದರೆ ನಾನೂ ಬರುತ್ತೇನೆ. ಹೊಸ ಅಧಿಕಾರಿಗಳ ಮೊದಲ ತಂಡಕ್ಕೆ ತರಬೇತಿ ಕೊಡುವುದಾದರೆ ಸಂಭಾವನೆ ಇಲ್ಲದೆ ಬಂದು, ಎಷ್ಟು ದಿನ ಬೇಕಾದರೂ ಅವರ ಪಕ್ಕ ಕುಳಿತು ಕೆಲಸ ಹೇಳಿಕೊಡಲು ಸಿದ್ಧನಿದ್ದೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೊಬೇಷನ್ ಅಧಿಕಾರಿ